ರೋಗಿಯ ಸರ್‌ನೇಮ್

ಡಿಕಾಕ್ಷನ್ ಇಳಿಯುವ ಮೊದಲೇ ಕ್ಲಿನಿಕ್ಕಿನಿಂದ ಫೋನು: "ರೋಗಿಯ ಲಾಸ್ಟ್ ನೇಮ್ ಏನು?" ರೋಗಿ ಎಂದರೆ ಮಗಳು ಹಠ ಹಿಡಿದು ತರಿಸಿಕೊಂಡ ಮರಗಪ್ಪೆ. ಮೂಲ ಆಸ್ಟ್ರೇಲಿಯಾ, ವಾಸ ವರ್ಜೀನಿಯಾ, ಗೋತ್ರ ಗೊತ್ತಿಲ್ಲ. 'ಭಟ್' ಎಂದುಬಿಟ್ಟೆ. ಫೋನಿಟ್ಟ ಮೇಲೆ ನಗು ತಡೆಯಲಾಗಲಿಲ್ಲ. ಕ್ರಿ.ಶ. 700ರ ಸುಮಾರಿಗೆ ಬಾದಾಮಿಯ ಬಂಡೆಯೇರಿದ ಕಪ್ಪೆ ಅರಭಟ್ಟನಿಗೆ ವಾಷಿಂಗ್ಟನ್ ಸೆರಗಿನಲ್ಲೊಬ್ಬ ವಾರಸುದಾರ! ಶಾಸನದ ಭಟ್ಟ ಸಜ್ಜನರಿಗೆ ಸಜ್ಜನ, ಪೀಡಿಸಿದವರನ್ನು ಬಿಡದವನು. ನಮ್ಮ ಭಟ್ಟ ಪೀಡಿಸಿದವರಿಗೂ ಸಜ್ಜನ. ತೊಂದರೆ ಇರುವುದೇ ಅಲ್ಲಿ.

ನಾಯಿಗೆ ಹುಷಾರಿಲ್ಲದಿದ್ದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಹಗಲಿಡೀ ಕಾಲು ಮಡಚಿ ಗಾಜಿಗಂಟಿ ನಿದ್ದೆ ಮಾಡುವ ಪ್ರಾಣಿಯ ಕಾಯಿಲೆಯನ್ನು ಕಾಣುವುದು ಹೇಗೆ? ಮಗಳು ಕಂಡಳು. ಇಕ್ಕಳದ ತುದಿಯಲ್ಲಿ ಕ್ರಿಕೆಟ್ ಹುಳ ಒದ್ದಾಡುತ್ತಿದ್ದರೂ ಭಟ್ಟರು ನಾಲಿಗೆ ಚಾಚಲಿಲ್ಲ. ನಡುಹಗಲು ಕಾಲು ಚೆಲ್ಲಿ ನೀರಿನ ಬಟ್ಟಲಲ್ಲೇ ಕೂತಿದ್ದರು. ಮೈಯಿಂದ ಪೊರೆಯ ಚೂರುಗಳು ಜೋತಾಡುತ್ತಿದ್ದವು. ಗಟ್ಟಿಮುಟ್ಟಾದ ಕಪ್ಪೆ ಕಳಚಿದ ಪೊರೆಯನ್ನು ತಾನೇ ನುಂಗಿಬಿಡುತ್ತದೆ. ತೊಡೆಯಡಿ ಕೆಂಪಾಗಿದ್ದರೆ, ಮಗುಚಿದರೆ ಮತ್ತೆ ಹೊರಳದಿದ್ದರೆ ತಡಮಾಡುವಂತಿಲ್ಲ.

ನನ್ನ ತಕರಾರು ಮಾತ್ರ ನೀರಿನ ಮೇಲೆ. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಹೊಟ್ಟೆಯ ಚರ್ಮದಿಂದ ಹೀರುತ್ತದೆ. ನಲ್ಲಿ ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಸಾಕು ಎಂದು ಸಾಕುಪ್ರಾಣಿಯಂಗಡಿಯ ಹುಡುಗನಿಂದ ಹಿಡಿದು ಎದುರು ಮನೆಯವರವರೆಗೆ ಎಲ್ಲರೂ ಉಪದೇಶ ಮಾಡಿದರು. ಕ್ಲೋರಿನ್ ಆದರೆ ಹಾರಿಹೋದೀತು. ಈ ಸೀಮೆಯ ನಲ್ಲಿಗಳಲ್ಲಿ ವರ್ಷದ ಬಹುಪಾಲು ಬರುವುದು ಕ್ಲೋರಮೈನ್. ವಸಂತದಲ್ಲಿ ಕೆಲವು ವಾರ ಮಾತ್ರ ಕ್ಲೋರಿನ್. ಕ್ಲೋರಮೈನ್ ಅಷ್ಟು ಸುಲಭಕ್ಕೆ ಜಾಗ ಖಾಲಿ ಮಾಡುವುದಿಲ್ಲ. ಅದನ್ನು ಮುರಿಯುವ ಹನಿ ಹಾಕಲೇಬೇಕು. ಇದನ್ನು ಹೇಳಿ ಹೇಳಿ, ಈಗ ಕನ್ನಡ ಸಂಘದ ಸಭೆಗಳಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯೇ ಇರುತ್ತದೆ.

ಸಾಗರದಿಂದ ಅಮ್ಮನ ಫೋನು ಬೇರೆ. "ನಮ್ಮ ಬಚ್ಚಲ ಕಪ್ಪೆಗೆ ಯಾವ ಡಾಕ್ಟ್ರು ಬಂದಿದ್ರೇ? ಅರಿಶಿನ ಹಚ್ಚು, ಸರಿಹೋಗತ್ತೆ."

ಬಚ್ಚಲ ಕಪ್ಪೆಗಿಲ್ಲದ ಚರಿತ್ರೆ ಈ ಊರಿನ ಕಪ್ಪೆಗಿದೆ. ಜಗತ್ತಿನ ಕಪ್ಪೆಸಂಕುಲವನ್ನೇ ಮುಕ್ಕಿದ ಕೈಟ್ರಿಡ್ ಶಿಲೀಂಧ್ರಕ್ಕೆ 1999ರಲ್ಲಿ ಹೆಸರಿಟ್ಟದ್ದು ಇಲ್ಲೇ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದ ನೀಲಿ ಕಪ್ಪೆಯಿಂದ ಬೇರ್ಪಡಿಸಿದ ಮಾದರಿಯ ಮೇಲೆ. ಚರ್ಮ ಕೆಟ್ಟರೆ ರಕ್ತದ ಲವಣಗಳು ಏರುಪೇರಾಗಿ ಹೃದಯವೇ ನಿಲ್ಲುತ್ತದೆ. ಇದೇ ರೋಗಕ್ಕೆ ಹೆದರಿ 2005ರಲ್ಲಿ ಪನಾಮಾದಿಂದ ಅಟ್ಲಾಂಟಾಕ್ಕೆ ಎತ್ತಿ ತಂದ ಒಂದು ಜಾತಿಯ ಮರಗಪ್ಪೆಗಳಲ್ಲಿ ಕೊನೆಯದು 'ಟಫಿ'. ಅಲ್ಲಿನ ಬೊಟಾನಿಕಲ್ ಗಾರ್ಡನ್ನಿನಲ್ಲಿ ಅದು 2016ರಲ್ಲಿ ಸತ್ತಿತು. ಆ ಜಾತಿಯ ಇನ್ನೊಂದು ಕಪ್ಪೆ ಯಾರ ಕಣ್ಣಿಗೂ ಬಿದ್ದಿಲ್ಲ.

ಆದ್ದರಿಂದ ಹೊಸ ಕಪ್ಪೆ ತಂದವರು ಅದನ್ನು ಹಳೆಯದರ ಜೊತೆ ಸೇರಿಸದೆ ಬೇರೆಯೇ ಇಡಿ. ತೊಟ್ಟಿಯ ನೀರನ್ನು ಹಿತ್ತಲ ತೊರೆಗೆ ಚೆಲ್ಲಬೇಡಿ. ನಾಯಿ-ಬೆಕ್ಕಿನ ಡಾಕ್ಟರು ಕೈಯೆತ್ತಿದರೆ ಕಪ್ಪೆ-ಹಾವು ನೋಡುವವರನ್ನು ಹುಡುಕಿ. ಮತ್ತೆ, ಯಾರ ಅಮ್ಮ ಹೇಳಿದರೂ ಸರಿ, ಅರಿಶಿನ ಹಚ್ಚಬೇಡಿ.