ಮೇಪಲ್ ಬೀಜ ಕೇಳಿದ ತಮ್ಮನಿಗೆ

ಗೇನ್ಸ್‌ವಿಲ್, ಫ್ಲಾರಿಡಾ
ಫೆಬ್ರವರಿ 9

ಚಿ. ತಮ್ಮನಿಗೆ ಅಣ್ಣನ ಆಶೀರ್ವಾದಗಳು.

ಅಮ್ಮನ ಮಂಡಿನೋವು ಹೇಗಿದೆ? ಕೊನೆಕೊಯ್ಲು ಮುಗಿದು ಸುಲಿತವೂ ಆಗಿರಬೇಕು.

ಹೋದ ವಾರ ಫೋನಿನಲ್ಲಿ, ‘ಆ ಕೆಂಪು ಮೇಪಲ್ಲಿನ ಬೀಜ ನಾಲ್ಕು ತಗೊಂಡು ಬಾ, ಕೆರೆ ದಂಡೆ ಮೇಲೆ ಹಾಕೋಣ’ ಅಂದೆಯಲ್ಲ. ಅದಕ್ಕೆ ಉತ್ತರ ನಾಲ್ಕು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಹಾಗಾಗಿ ಈ ಕಾಗದ.

ಮೇಪಲ್ ಎಂದರೆ ಹಿಮ ಬೀಳುವ ಸೀಮೆಯ ಮರ ಎಂದೇ ನಾನೂ ತಿಳಿದಿದ್ದೆ. ಕೆಂಪು ಮೇಪಲ್ ಹಾಗಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹಿಡಿದು ಫ್ಲಾರಿಡಾದ ದಕ್ಷಿಣದ ಜೌಗಿನವರೆಗೂ ಅದು ತಾನಾಗಿಯೇ ಹುಟ್ಟಿ ಬೆಳೆಯುತ್ತದೆ. ಈ ಊರಿನ ಬೇಸಿಗೆ 33 ಡಿಗ್ರಿ ಮುಟ್ಟುತ್ತದೆ, ಸೆಕೆಯಂತೂ ಹೊನ್ನಾವರದ ಸೆಕೆಯೇ. ಅಂಥಲ್ಲೂ ಈ ಮರ ತನ್ನ ಮನೆಯಲ್ಲಿರುವಂತೆ ಇದೆ.

ಊರಿನ ದಕ್ಷಿಣಕ್ಕೆ ಪೇನ್ಸ್ ಪ್ರೇರೀ ಎಂಬ ದೊಡ್ಡ ಹುಲ್ಲುಜೌಗು ಇದೆ. ಸಸ್ಯಗಳನ್ನು ಹುಡುಕುತ್ತ ಅಲೆದ ವಿಲಿಯಂ ಬಾರ್ಟ್ರಮ್ 1774ರಲ್ಲಿ ಇಲ್ಲಿಗೆ ಬಂದು ಇದರ ಬಗ್ಗೆ ಬರೆದಿದ್ದಾನೆ. ಮೊನ್ನೆ ಬೆಳಿಗ್ಗೆ ಅಳಿಯ ಕರೆದುಕೊಂಡು ಹೋದ. ನೀರಿನಂಚಿನ ಮೇಪಲ್‌ಗಳಲ್ಲಿ ಒಂದು ಎಲೆಯೂ ಇರಲಿಲ್ಲ, ಆದರೂ ಮರವೆಲ್ಲ ಕೆಂಪು. ಇಲ್ಲಿ ಜನವರಿಯ ಆಸುಪಾಸಿನಲ್ಲೇ ಹೂ ಬಿಟ್ಟು, ಎಲೆ ಬರುವ ಮೊದಲೇ ಕಾಯಿ ಕಟ್ಟುತ್ತದೆ. ಕೆಳಗೆ ಬಿದ್ದಿದ್ದ ಒಂದು ಗೊಂಚಲನ್ನು ಅಂಗೈಯಲ್ಲಿಟ್ಟು ನೋಡಿದೆ. ಎಳೆಯಷ್ಟು ಸಣ್ಣ ತೊಟ್ಟು, ಅದರ ತುದಿಗೆ ಜೋಡಿ ಕಾಯಿ, ಒಂದೊಂದಕ್ಕೂ ಒಂದೊಂದು ರೆಕ್ಕೆ. ಆ ರೆಕ್ಕೆಯಲ್ಲಿ ತುಂಬಿಯ ರೆಕ್ಕೆಯಲ್ಲಿರುವಂಥ ನರಗಳು. ಮೇಲಿಂದ ಬಿಟ್ಟರೆ ಗಿರಗಿರನೆ ಸುತ್ತುತ್ತ ಇಳಿಯುತ್ತದೆ. ಮೊಮ್ಮಗಳು ಹತ್ತು ಸಲ ಬಿಟ್ಟು ನೋಡಿದಳು.

ಮಗಳ ಮನೆಯ ಮುಂದೆ ಆರು ವರ್ಷದ ಹಿಂದೆ ನೆಟ್ಟ ಮೇಪಲ್ ಒಂದಿತ್ತು. ಪ್ರತಿ ಮೇ ತಿಂಗಳಲ್ಲಿ ಎಲೆಯಂಚು ಸುಟ್ಟಂತಾಗುವುದು, ವರ್ಷಕ್ಕೊಂದು ರೆಂಬೆ ಒಣಗುವುದು. ಹೋದ ಬೇಸಿಗೆಯಲ್ಲಿ ಸತ್ತೇ ಹೋಯಿತಂತೆ. ಬುಡ ಅಗೆದಾಗ ನಾನೂ ಜೊತೆಗಿದ್ದೆ. ಕುಂಡದಲ್ಲಿದ್ದಾಗ ಸುತ್ತಿಕೊಂಡ ಬೇರು ಹಾಗೇ ದಪ್ಪವಾಗಿ, ಕಂಬಕ್ಕೆ ಹಗ್ಗ ಬಿಗಿದ ಹಾಗೆ ಕಾಂಡವನ್ನು ಬಿಗಿದಿತ್ತು. ನೆಟ್ಟವರು ಗೇಣುದ್ದ ಆಳಕ್ಕೆ ಹುಗಿದಿದ್ದರು. ಇವೆರಡಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಅದು ಉತ್ತರದ ಚಳಿನಾಡಿನ ಮರದಿಂದ ಆರಿಸಿದ ತಳಿ. ಹೆಸರು ಕೆಂಪು ಮೇಪಲ್ಲೇ, ಜಾತಿಯೂ ಅದೇ, ಆದರೆ ಅದರ ರಕ್ತದಲ್ಲಿ ಇದ್ದದ್ದು ಬೇರೆ ಹವೆ. ಉದ್ದನೆಯ ಚಳಿಗಾಲಕ್ಕೆ ಒಗ್ಗಿದ ಮೊಗ್ಗಿಗೆ ಇಲ್ಲಿಯ ಚಿಕ್ಕ ಚಳಿ ಸಾಲುವುದಿಲ್ಲ, ಇಲ್ಲಿಯ ಉದ್ದ ಬೇಸಿಗೆಯನ್ನು ಅದು ತಾಳುವುದೂ ಇಲ್ಲ.

ತೋಟಕ್ಕೆ ಬೀಜದಡಿಕೆ ಬೇಕಾದಾಗ ಅಪ್ಪ ಏನು ಮಾಡುತ್ತಿದ್ದರು, ನೆನಪಿದೆಯಾ? ದೂರದಿಂದ ಎಷ್ಟು ಚಂದದ ಗೋಟು ತಂದುಕೊಟ್ಟರೂ ಬೇಡವೆಂದು, ನಮ್ಮದೇ ಕಣಿವೆಯ ತಾಯಿಮರ ಹುಡುಕುತ್ತಿದ್ದರು. ಅದೇ ಮಾತು ಇಲ್ಲಿಗೂ ಸಲ್ಲುತ್ತದೆ. ಫ್ಲಾರಿಡಾದ ಮರದ ಬೀಜದಿಂದ ಎಬ್ಬಿಸಿದ ಸಸಿ, ಇಲ್ಲವೇ ‘ಫ್ಲಾರಿಡಾ ಫ್ಲೇಮ್’ನಂತೆ ಇಲ್ಲೇ ಆರಿಸಿದ ತಳಿ ಇಲ್ಲಿ ಚೆನ್ನಾಗಿ ಬಾಳುತ್ತದೆ.

ಶನಿವಾರ ಅಂಥದೊಂದು ಸಸಿ ತಂದು ನೆಟ್ಟೆವು. ಮರದಲ್ಲಿ ಇನ್ನೂ ಎಲೆ ಬಾರದ ಈ ಚಳಿಯ ದಿನಗಳೇ ನೆಡಲು ಸರಿಯಾದ ಕಾಲ. ಕುಂಡದಿಂದ ತೆಗೆದು, ಸುತ್ತಿದ್ದ ಬೇರುಗಳನ್ನು ಕತ್ತರಿಸಿ ಬಿಡಿಸಿದೆ. ಗುಂಡಿ ಬೇರಿನ ಮುದ್ದೆಗಿಂತ ಎರಡು ಪಟ್ಟು ಅಗಲ. ಆಳ ಮಾತ್ರ ಮುದ್ದೆಯಷ್ಟೇ, ಕಾಂಡ ಹರಡಿ ಬೇರಾಗುವ ಜಾಗ ನೆಲದ ಮೇಲೆ ಕಾಣಲೇಬೇಕು. ಸಿಮೆಂಟ್ ಚೂರು ಬಿದ್ದ ಗೋಡೆಬದಿಯನ್ನು ಬಿಟ್ಟೆವು. ಸುಣ್ಣದ ಅಂಶ ಹೆಚ್ಚಾದ ಮಣ್ಣಿನಲ್ಲಿ ಮ್ಯಾಂಗನೀಸ್ ಸಿಗದೆ, ಎಲೆಯ ನರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುತ್ತದೆ.

ನೀರಿನ ಲೆಕ್ಕ ಹೀಗೆ: ಕಾಂಡ 1 ಅಂಗುಲ ದಪ್ಪವಿದ್ದರೆ ಪ್ರತಿ ಸಲ ಏಳೆಂಟು ಲೀಟರ್. ಮೊದಲ ಕೆಲವು ವಾರ ದಿನವೂ, ಆಮೇಲೆ ಅಂತರ ಕೊಟ್ಟು. ಇಲ್ಲಿ ಮಳೆಗಾಲ ಜೂನ್‌ಗೆ ಬರುತ್ತದೆ. ಅದಕ್ಕೆ ಮೊದಲಿನ ಏಪ್ರಿಲ್-ಮೇ ತಿಂಗಳ ಒಣ ದಿನಗಳೇ ಎಳೆಮರಕ್ಕೆ ಕಷ್ಟ, ಮರಳುಮಣ್ಣು ಬೇರೆ. ಬೇರು ಮೇಲೆಮೇಲೆಯೇ ಹರಿಯುವುದರಿಂದ ಮುಚ್ಚಿಗೆ ಬೇಕೇ ಬೇಕು. ನಾವು ದರಕು ಹಾಕುವ ಹಾಗೆ ಇಲ್ಲಿ ಪೈನ್ ಎಲೆ ಹಾಕುತ್ತಾರೆ. ನಾಲ್ಕು ಬೆರಳು ದಪ್ಪ ಹಾಸಿ, ಕಾಂಡಕ್ಕೆ ತಾಗದಂತೆ ಬಿಡಿಸಿಟ್ಟೆ. ತೊಗಟೆ ತೆಳು. ಹುಲ್ಲು ಕೊಯ್ಯುವ ಯಂತ್ರ ಒಮ್ಮೆ ತಾಗಿದರೂ ಗಾಯ. ಪಡುವಣ ಬಿಸಿಲಿಗೆ ಸೀಳುವುದೂ ಉಂಟು. ನಾವು ಅಡಿಕೆ ಮರಕ್ಕೆ ಸೋಗೆ ಕಟ್ಟುವುದು ನೆನಪಾಯಿತು.

ರಸ್ತೆಬದಿಯ ಮೇಪಲ್‌ಗಳ ಸ್ಥಿತಿ ನೋಡಿದರೆ ಮರುಕವಾಗುತ್ತದೆ. ಡಾಂಬರು, ಕಾಂಕ್ರೀಟಿನ ಕಾವಿಗೆ ಒಂದು ಬಗೆಯ ಶಲ್ಕಕೀಟ ವಿಪರೀತ ಹೆಚ್ಚುತ್ತದೆ. ತೊಗಟೆಗೆ ಬೂದುಬಣ್ಣದ ಗುಳ್ಳೆಯಂತೆ ಅಂಟಿ ರಸ ಹೀರುತ್ತದೆ, ರೆಂಬೆಗಳು ತುದಿಯಿಂದ ಒಣಗುತ್ತವೆ. ನೆರಳಿಗೆಂದು ನೆಟ್ಟ ಮರ ನೆಲದ ಕಾವಿಗೇ ಸಾಯುತ್ತದೆ. ಮದ್ದು ಹೊಡೆಯುವುದಕ್ಕಿಂತ, ಸುತ್ತ ಮಣ್ಣು ತೆರೆದಿರುವ ಜಾಗದಲ್ಲಿ ನೆಡುವುದೇ ಮೊದಲ ಆರೈಕೆ. ಇನ್ನೊಂದು ಎಚ್ಚರ: ಈ ಮರದ ಬಾಡಿದ ಎಲೆ ತಿಂದರೆ ಕುದುರೆಯ ರಕ್ತದ ಕಣ ಒಡೆದು ಅದು ಸಾಯಬಹುದು. ಇಲ್ಲಿಂದ ಸುಮಾರು 60 ಕಿಲೋಮೀಟರ್ ದಕ್ಷಿಣದ ಒಕಾಲಾ ಕುದುರೆ ಸಾಕಣೆಗೆ ಹೆಸರಾದ ಊರು. ಅಂಥ ಕಡೆ ಗಾಳಿಗೆ ಮುರಿದ ರೆಂಬೆಯನ್ನು ಬೇಲಿಯೊಳಗೆ ಬಿಡಲೇಬಾರದು.

ಇಷ್ಟು ಬರೆದ ಮೇಲೆ ನನ್ನ ಉತ್ತರ ನಿನಗೇ ಗೊತ್ತಾಗಿರಬೇಕು. ಬೀಜ ತರುವುದಿಲ್ಲ. ಪರವಾನಗಿ, ರೋಗ ತಪಾಸಣೆ ಇಲ್ಲದೆ ದೇಶ ದಾಟಿಸುವುದು ಕಾನೂನಿಗೆ ವಿರುದ್ಧ. ತಂದರೂ, ಇಲ್ಲಿಯಷ್ಟು ಚಳಿ ನಮ್ಮ ಸಾಗರ ಸೀಮೆಯಲ್ಲಿ ಬೀಳುವುದಿಲ್ಲ. ಇದೇ ದೇಶದೊಳಗೆ ಉತ್ತರದಿಂದ ದಕ್ಷಿಣಕ್ಕೆ ಬಂದ ಮರವೇ ಬಾಳಲಿಲ್ಲ. ಅದರ ಬುಡ ಅಗೆದ ಕೈಯಿಂದ ಇನ್ನೊಂದು ಮರವನ್ನು ಅದರ ಹವೆಯಿಂದ ಕಿತ್ತು ತರಲು ನನಗೆ ಮನಸ್ಸಿಲ್ಲ.

ಕೆರೆ ದಂಡೆ ಕೆಂಪಾಗಬೇಕೆಂಬ ನಿನ್ನ ಆಸೆ ಒಳ್ಳೆಯದೇ. ಸೊಪ್ಪಿನಬೆಟ್ಟದ ಅಂಚಿನ ಸಾಗಡೆ ಮರವನ್ನು ಶಿವರಾತ್ರಿಯ ಹೊತ್ತಿಗೆ ಹೋಗಿ ನೋಡು, ಚಿಗುರೆಲ್ಲ ಕೆಂಪು. ಮಳೆ ಹಿಡಿಯುವ ಹೊತ್ತಿಗೆ ಹಣ್ಣು ಉದುರುತ್ತದೆ. ಬೀಜ ಆರಿಸಿ ಆಗಲೇ ಊರು. ನಾನು ಬಂದ ಮೇಲೆ ಸಸಿಗೆ ಬೇಲಿ ಕಟ್ಟುತ್ತೇನೆ.

ಅಮ್ಮನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಆಶೀರ್ವಾದ.

ಇತಿ ನಿನ್ನ
ಅಣ್ಣ