ಬೈಲಕುಪ್ಪೆಯಲ್ಲಿ ಕಾಲಿನ ಪಾಠ

ಷಟ್ಪದಿಯ ಮಾತ್ರೆಗಳನ್ನು ತಪ್ಪಿಲ್ಲದೆ ಎಣಿಸಬಲ್ಲ ಮೇಷ್ಟ್ರಿಗೆ ತನ್ನ ಕಾಲುಗಳ ಲಯವೇ ತಿಳಿಯದು ಎಂಬ ಸತ್ಯವು ನನಗೆ ಮನವರಿಕೆಯಾದುದು ಬೈಲಕುಪ್ಪೆಯಲ್ಲಿ.

ಮಾನಸಗಂಗೋತ್ರಿಯಲ್ಲಿ ಒಟ್ಟಿಗೆ ಎಂ.ಎ. ಓದಿದ ನಾವು ನಾಲ್ವರು ಗೆಳೆಯರು ಇಂದು ನಾಲ್ಕು ತಾಲ್ಲೂಕುಗಳಲ್ಲಿ ಅಧ್ಯಾಪಕರು: ನಾನು ಹುಣಸೂರಿನಲ್ಲಿ, ಉಳಿದವರು ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ. ವರ್ಷಕ್ಕೊಮ್ಮೆ ಎಲ್ಲಿಗಾದರೂ ಕೂಡಿ ಹೋಗಿಬರುವುದು ನಮ್ಮ ವಾಡಿಕೆ. ಎರಡು ವರ್ಷಗಳಿಂದ ಅದು ನಿಂತುಹೋಗಿತ್ತು. ವರ್ಗಾವಣೆಯ ವಿಷಯದಲ್ಲಿ ಕೃಷ್ಣರಾಜನಗರದ ಗೆಳೆಯನಿಗೆ ನಾನು ಆಡಬಾರದ ಮಾತೊಂದನ್ನು ಆಡಿದ್ದೆ. ಅವನು ಮೌನಿಯಾದ, ನಾನೂ ಬಿಗುಮಾನ ಬಿಡಲಿಲ್ಲ. ಈ ಬಾರಿ ಪಿರಿಯಾಪಟ್ಟಣದವನು ಹಟ ಹಿಡಿದು ತನ್ನ ಕಾರಿನಲ್ಲಿ ಎಲ್ಲರನ್ನೂ ಹೊರಡಿಸಿದ. ಮುಂದಿನ ಸೀಟು ಖಾಲಿಯಿದ್ದರೂ ಕೋಟೆಯ ಗೆಳೆಯ ಹಿಂದೆ ನಮ್ಮಿಬ್ಬರ ನಡುವೆ ಗಡಿಕಲ್ಲಿನಂತೆ ಕುಳಿತ.

ಹುಣಸೂರು ದಾಟಿ, ಹೊಗೆಸೊಪ್ಪಿನ ಹೊಲಗಳನ್ನೂ ಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳನ್ನೂ ನೋಡುತ್ತ ಸಾಗಿದರೆ, ಪಿರಿಯಾಪಟ್ಟಣದ ಆಚೆ ಮುಸುಕಿನ ಜೋಳದ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಕಾಣಿಸುತ್ತವೆ. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಬಳಿಕ, ನಿರಾಶ್ರಿತರಾದ ಟಿಬೆಟ್ಟಿಗರಿಗೆಂದು ಅಂದಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಸುಮಾರು 3,000 ಎಕರೆ ನೆಲವನ್ನು ನೀಡಿತು. 1961ರ ಹೊತ್ತಿಗೆ ಮೊದಲ ವಸತಿ ತಲೆಯೆತ್ತಿತು. ಕಾಡು ಕಡಿದು ಹೊಲ ಮಾಡಿದವರು ಅವರೇ. 1963ರಲ್ಲಿ ಆರಂಭವಾದ ನಾಮ್‌ಡ್ರೋಲಿಂಗ್ ಮಠದಲ್ಲಿ ಸ್ವರ್ಣಮಂದಿರವು ಉದ್ಘಾಟನೆಯಾದುದು 1999ರಲ್ಲಿ. ಅಲ್ಲಿನ ಹೊನ್ನಿನ ಲೇಪದ ಮೂರು ಭವ್ಯ ಮೂರ್ತಿಗಳಿಗೆ ಕೈಮುಗಿದು ಹೊರಬಂದೆವು.

ಸಂಜೆಯಾಗಿತ್ತು. ಹಾದಿಯ ಪಕ್ಕದ ಬಯಲಿನಲ್ಲಿ ಐದಾರು ಯುವಕರು ವೃತ್ತಾಕಾರವಾಗಿ ನಿಂತು, ರಬ್ಬರ್ ಪಟ್ಟಿಗಳನ್ನು ಬಿಗಿದು ಕಟ್ಟಿದ ಕುಚ್ಚೊಂದನ್ನು ಕೈ ಸೋಕಿಸದೆ ಕಾಲಿನಿಂದ ಕಾಲಿಗೆ ಹಾರಿಸುತ್ತಿದ್ದರು. ಟಿಬೆಟ್ಟಿಗರು ಈ ಆಟವನ್ನು ‘ತೆಬೆ’ ಎನ್ನುತ್ತಾರೆ. ನಾವು ಬೆರಗಾಗಿ ನಿಂತುದನ್ನು ಕಂಡು ಒಬ್ಬನು ಅಚ್ಚ ಪಿರಿಯಾಪಟ್ಟಣದ ಕನ್ನಡದಲ್ಲಿ ಕರೆದ: “ಬನ್ನಿ ಸಾರ್, ನೋಡ್ಕೊಂಡೇ ನಿಂತ್ರೆ ಹೆಂಗೆ?” ಎಲ್ಲಿಯವನೆಂದು ಕೇಳಿದೆ. “ಇಲ್ಲಿಯವನೇ ಸಾರ್. ನಮ್ಮ ತಾತ ಅಲ್ಲಿಂದ ಬಂದೋರು” ಎಂದ. ಕೇಳಬಾರದ ಪ್ರಶ್ನೆಯನ್ನು ಕೇಳಿದೆನೆನಿಸಿತು.

ಪಾಠ ಸರಳ. ಕುಚ್ಚನ್ನು ಕೈಯಿಂದ ಬಿಟ್ಟು, ಒಮ್ಮೆ ಪಾದದಿಂದ ಎತ್ತಿ, ಮತ್ತೆ ಕೈಯಲ್ಲಿ ಹಿಡಿಯಬೇಕು. ಅದು ಸಾಧಿಸಿದ ಮೇಲೆ ಎರಡು ಸಲ, ಮೂರು ಸಲ. ನಾನು ಚೆಂಡನ್ನು ಒದೆಯುವಂತೆ ಒದ್ದೆ. ಕುಚ್ಚು ಎತ್ತಲೋ ಹಾರಿತು, ಚಪ್ಪಲಿ ಅದನ್ನು ಹಿಂಬಾಲಿಸಿತು. “ಒದೀಬೇಡಿ ಸಾರ್, ಎತ್ತಿ” ಎಂದ ನನ್ನ ಗುರು. ಊರಿದ ಕಾಲಿನ ಮಂಡಿಯನ್ನು ತುಸು ಬಗ್ಗಿಸಿ, ಇನ್ನೊಂದು ಪಾದದ ಒಳಮಗ್ಗುಲನ್ನು ತಟ್ಟೆಯಂತೆ ಮೇಲಕ್ಕೆ ತಿರುಗಿಸಿ, ಕುಚ್ಚು ಮಂಡಿಗಿಂತ ಕೆಳಗಿಳಿಯುವವರೆಗೂ ಕಾಯಬೇಕು. ಅವಸರವೇ ಇಲ್ಲಿ ಶತ್ರು. ಹತ್ತಾರು ಸೋಲುಗಳ ಬಳಿಕ ಮೂರು ಸಲ ಎತ್ತಿದಾಗ ಎಂ.ಎ. ಪಾಸಾದ ದಿನದ ಹಿಗ್ಗು!

ಆಮೇಲೆ ವೃತ್ತದಲ್ಲಿ ನಮಗೂ ಸ್ಥಳ ದೊರೆಯಿತು. ಅವರ ಕಟ್ಟಳೆ ಎರಡೇ: ಮೊದಲ ಎಸೆತವನ್ನು ತಾನಿಟ್ಟುಕೊಳ್ಳದೆ ಬೇರೊಬ್ಬರಿಗೆ ಕೊಡಬೇಕು, ತಪ್ಪಿದರೆ ಕ್ಷಮೆ ಕೇಳುತ್ತ ನಿಲ್ಲದೆ ಮುಂದಿನದನ್ನು ಸರಿಯಾಗಿ ಕಳುಹಿಸಬೇಕು. ಕುಚ್ಚು ನನ್ನ ಕೈಗೆ ಬಂದಿತು. ಎದುರಿಗೆ ಕೃಷ್ಣರಾಜನಗರದ ಗೆಳೆಯ. ಒಂದು ಗಳಿಗೆ ಹಿಂಜರಿದು, ಅವನತ್ತಲೇ ಮೆಲ್ಲನೆ ಎಸೆದೆ. ಅವನು ಎತ್ತಿದ, ಅದು ನನ್ನತ್ತಲೇ ಮರಳಿತು. ನಾನು ತಪ್ಪಿದೆ.

“ಏನಯ್ಯಾ, ಅಷ್ಟು ಸುಲಭದ್ದನ್ನೂ ಬಿಟ್ಟೆಯಾ?”

ಎರಡು ವರ್ಷಗಳಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಹಿಂದಿರುಗುವಾಗ ಕೋಟೆಯವನು ತಾನಾಗಿಯೇ ಮುಂದಿನ ಸೀಟಿಗೆ ಹೋದ. ಅಮೆರಿಕದಲ್ಲಿ ಪುಟ್ಟ ಚೀಲದಿಂದ ಆಡುವ ‘ಫುಟ್‌ಬ್ಯಾಗ್’ ಈ ಆಟದ ತಮ್ಮನೇ ಎಂದು ಅವನ ವಿವರಣೆ: 1972ರಲ್ಲಿ ಆರೆಗಾನ್ ರಾಜ್ಯದ ಮೈಕ್ ಮಾರ್ಷಲ್, ಮಂಡಿಯ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ಜಾನ್ ಸ್ಟಾಲ್‌ಬರ್ಗರನಿಗೆ ಇಂಥ ಚೀಲದಾಟ ತೋರಿಸಿದ, ಅದೇ ಮುಂದೆ ‘ಹ್ಯಾಕಿ ಸ್ಯಾಕ್’ ಎಂದು ಹೆಸರಾಯಿತು. ಮಂಡಿಯ ನೋವಿಗೆ ಹಿಡಿದ ಆಟ ಮನಸ್ಸಿನ ನೋವಿಗೂ ಹಿಡಿಯುವುದು ವಿಶೇಷವೇನಲ್ಲ.

ಪಿರಿಯಾಪಟ್ಟಣ ಸಮೀಪಿಸುವಾಗ ನಾನು ಪಕ್ಕದವನ ಕಡೆ ತಿರುಗಿ, “ಅಂದು ನಾನು ಆಡಿದ ಮಾತು...” ಎಂದು ಆರಂಭಿಸಿದೆ.

“ಕಟ್ಟಳೆ ಮರೆತೆಯಾ?” ಎಂದ ಅವನು. “ಮುಂದಿನದನ್ನು ಸರಿಯಾಗಿ ಕಳುಹಿಸು, ಸಾಕು.”