ತೆಗೆದಾಯ್ತೇನೋ?

ಸಾಗರದ ನಮ್ಮ ಮನೆಯ ಮದುವೆಯಲ್ಲಿ ದೊಡ್ಡತ್ತೆ ಒಂದು ನಗುವನ್ನು ಮುಖದ ಮೇಲೆ ಹಿಡಿದುಕೊಂಡು ಕೂತೇ ಇದ್ದಳು. ಎಂಬತ್ತೆರಡರ ಕೆನ್ನೆ. ನಗು ಹಿಡಿದು ನಿಲ್ಲಿಸುವುದೆಂದರೆ ತುಂಬಿದ ಕೊಡವನ್ನು ಸೊಂಟದಲ್ಲಿ ಹಿಡಿದಷ್ಟೇ ಕಷ್ಟ. ಎದುರಿಗೆ ಕ್ಯಾಮೆರಾ ಹಿಡಿದವನು ನನ್ನ ಚಿಕ್ಕಪ್ಪನ ಮೊಮ್ಮಗ.

“ತೆಗೆದಾಯ್ತೇನೋ?”

“ಆಗಲೇ ಆಯ್ತು ಅಜ್ಜಿ.”

“ಸದ್ದೇ ಬರಲಿಲ್ಲವಲ್ಲೋ!”

“ಇದು ಸದ್ದು ಮಾಡಲ್ಲ ಅಜ್ಜಿ. ಮೂವತ್ತಾರು ತೆಗೆದೆ.”

ತೂಕ ಹಾಕದೆ ಬೆಲ್ಲ ಕಟ್ಟಿಕೊಟ್ಟ ಅಂಗಡಿಯವನನ್ನು ನೋಡುವಂತೆ ದೊಡ್ಡತ್ತೆ ಅವನನ್ನು ನೋಡಿದಳು. ಹುಡುಗ ಜಾಣ. ಮೆನುವಿಗೆ ಹೋಗಿ ಏನೋ ಬದಲಿಸಿದ. ಈಗ ಕ್ಯಾಮೆರಾದ ಹೊಟ್ಟೆಯೊಳಗಿನ ಪುಟ್ಟ ಸ್ಪೀಕರಿನಿಂದ ‘ಟಕ್’ ಎಂಬ ಸದ್ದು ಬಂತು. ದೊಡ್ಡತ್ತೆ ನಗು ಇಳಿಸಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

ಆ ಟಕ್ಕಿನಲ್ಲೇ ನಮ್ಮ ಮನೆಯ ಅನ್ನ ಬೆಂದದ್ದು. ಚಿಕ್ಕಪ್ಪನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿಗೆಂದು ಯಾಷಿಕಾ ಮ್ಯಾಟ್ 124ಜಿ ಇತ್ತು. ರೋಲಿಗೆ ಹನ್ನೆರಡೇ ಪಟ. ಅದರ ಲೆನ್ಸಿನೊಳಗಿನ ಎಲೆ ಷಟರು ಬೆರಳಿನ ನೆಟಿಗೆ ಮುರಿದಷ್ಟು ಮೆಲ್ಲಗೆ ಸದ್ದು ಮಾಡುತ್ತಿತ್ತು. ಮದುವೆಗಳಿಗೆ ಪೆಂಟಾಕ್ಸ್ ಕೆ1000. ಅದರದು ಗಂಡು ದನಿ: ಕನ್ನಡಿ ಮೇಲೆ ಹಾರಿ ಬಡಿಯುವುದು, ಬಟ್ಟೆಯ ಪರದೆ ಓಡುವುದು, ಕನ್ನಡಿ ಮತ್ತೆ ಕೆಳಗೆ ಬೀಳುವುದು ಎಲ್ಲ ಸೇರಿ ಒಂದು ‘ಟಕಾಕ್’. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯದಿರಲೆಂದು ಇವನ್ನೆಲ್ಲ ಮರದ ಕಪಾಟಿನಲ್ಲಿಟ್ಟು ಒಳಗೊಂದು ಬಲ್ಬು ಉರಿಸುತ್ತಿದ್ದ. ನಾವು ಓದುವಾಗ ಕರೆಂಟು ಉಳಿಸಬೇಕಿತ್ತು, ಕ್ಯಾಮೆರಾಗಳಿಗೆ ಆ ನಿಯಮವಿರಲಿಲ್ಲ.

ಚಿಕ್ಕಪ್ಪ ಷಟರಿನ ಆರೋಗ್ಯವನ್ನು ಕಿವಿಯಿಂದಲೇ ಹೇಳುತ್ತಿದ್ದ. ಡಯಲನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ಒಳಗಿನ ಹಲ್ಲುಚಕ್ರಗಳು ‘ಸರ್ರ್’ ಎಂದು ತಿರುಗುತ್ತವೆ. “ಎಣ್ಣೆ ಗಟ್ಟಿಯಾಗಿದೆ ಕಣೋ, ಸೆಕೆಂಡು ಎಳೀತಾ ಇದೆ” ಎನ್ನುತ್ತಿದ್ದ, ನಾಡಿ ಹಿಡಿದ ಪಂಡಿತನ ಹಾಗೆ.

ಆದರೂ ಒಮ್ಮೆ ಕೈ ತಪ್ಪಿತು. ಪೆಂಟಾಕ್ಸಿನಂಥ ಕ್ಯಾಮೆರಾದಲ್ಲಿ ಎರಡು ಪರದೆಗಳಿರುತ್ತವೆ. ಮೊದಲನೆಯದು ಸರಿದು ಕಿಟಕಿ ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಸೆಕೆಂಡಿನ ಅರವತ್ತನೇ ಒಂದು ಭಾಗದವರೆಗೆ ಕಿಟಕಿ ಒಂದು ಗಳಿಗೆ ಪೂರ್ತಿ ತೆರೆದಿರುತ್ತದೆ. ಫ್ಲಾಶ್ ಹೊಡೆಯಬೇಕಾದದ್ದು ಆಗಲೇ. ಅದಕ್ಕಿಂತ ವೇಗ ಹೆಚ್ಚಿದರೆ ಮೊದಲ ಪರದೆ ದಡ ಮುಟ್ಟುವ ಮುನ್ನವೇ ಎರಡನೆಯದು ಹೊರಟಿರುತ್ತದೆ. ಒಂದು ಧಾರೆಯ ಗಲಾಟೆಯಲ್ಲಿ ಯಾರದೋ ಭುಜ ತಾಗಿ ಡಯಲು 60ರಿಂದ 125ಕ್ಕೆ ಜಾರಿತ್ತು. ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಪಟಗಳು ಒಂದೊಂದಾಗಿ ಮೂಡಿದವು: ಮದುಮಗನಿದ್ದಾನೆ, ಪುರೋಹಿತರಿದ್ದಾರೆ, ಮದುಮಗಳು ಇರಬೇಕಾದಲ್ಲಿ ಬರೀ ಕಪ್ಪು. ಹನ್ನೊಂದು ಪಟ. ಚಿಕ್ಕಪ್ಪ ಆ ಮನೆಯವರಿಗೆ ಕೈಮುಗಿದು ದುಡ್ಡು ಮರಳಿಸಿ ಬಂದ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆ ಹನ್ನೊಂದು ಕಪ್ಪು ಅರ್ಧಗಳ ಕಥೆ ಹೇಳಿದರೆ ಮೊಮ್ಮಗನಿಗೆ ನಗು. ಅವನ ಕೈಯಲ್ಲಿದ್ದದ್ದು ದಿನದ ಬಾಡಿಗೆಗೆ ತಂದ ಸೋನಿ ಎ9-3; ಇಡೀ ಚೌಕಟ್ಟಿನ ಬಿಂಬವನ್ನು ಏಕಕಾಲಕ್ಕೆ ಹಿಡಿಯುವ ಗ್ಲೋಬಲ್ ಷಟರ್ ಸೆನ್ಸರಿನೊಂದಿಗೆ 2023ರಲ್ಲಿ ಘೋಷಣೆಯಾದ ಮೊದಲ ಫುಲ್‌ಫ್ರೇಮ್ ಮಿರರ್‌ಲೆಸ್. ಅದಕ್ಕೂ ಹಿಂದಿನ ಹೆಚ್ಚಿನ ಸೆನ್ಸರುಗಳು ಬಿಂಬವನ್ನು ಸಾಲುಸಾಲಾಗಿ, ಮೇಲಿಂದ ಕೆಳಗೆ ಓದುತ್ತಿದ್ದವು. ಓದಿ ಮುಗಿಸುವಷ್ಟರಲ್ಲಿ ಫ್ಯಾನಿನ ರೆಕ್ಕೆ ಬಾಳೆಹಣ್ಣಿನಂತೆ ಬಾಗಿರುತ್ತಿತ್ತು, ಛತ್ರದ ಎಲ್‌ಇಡಿ ದೀಪಗಳು ಪಟದ ತುಂಬ ಪಟ್ಟೆ ಎಳೆದಿರುತ್ತಿದ್ದವು. ಇದರಲ್ಲಿ ಪರದೆಯೂ ಇಲ್ಲ, ಸಾಲೂ ಇಲ್ಲ. ಫ್ಲಾಶ್ ಸೆಕೆಂಡಿನ ಎಂಬತ್ತು ಸಾವಿರದಲ್ಲಿ ಒಂದು ಭಾಗದಲ್ಲೂ ಹೊಂದುತ್ತದಂತೆ. ಸೆಕೆಂಡಿಗೆ 120 ಪಟ. ಚಿಕ್ಕಪ್ಪನ ಪೆಂಟಾಕ್ಸಿನ ಮೂವತ್ತಾರು ಪಟದ ಇಡೀ ಒಂದು ರೋಲು ಅವನಿಗೆ ಸೆಕೆಂಡಿನ ಮೂರನೇ ಒಂದು ಭಾಗವೂ ಇಲ್ಲದ ಬಾಳು. ಪುಕ್ಕಟೆಯೇನಲ್ಲ: ಬಿಂಬವನ್ನು ತಡೆದಿಡಲು ಪ್ರತಿ ಪಿಕ್ಸೆಲಿನೊಳಗೂ ಒಂದು ಉಗ್ರಾಣ ಬೇಕು, ಅಷ್ಟರಮಟ್ಟಿಗೆ ಬೆಳಕಿಗೆ ಜಾಗ ಕಡಿಮೆ. ಆದ್ದರಿಂದಲೇ ಅದರ ಬೆಳಕಿನ ಸೂಕ್ಷ್ಮತೆಯ ಅಳತೆ, ಐಎಸ್‌ಒ, 250ರಿಂದ ಶುರು. ಹೊಸ ಸಂಸಾರದ ಬಾಡಿಗೆ ಮನೆಯ ಹಾಗೆ, ಸಾಮಾನಿಟ್ಟ ಮೇಲೆ ಮಲಗಲು ಜಾಗ ಹುಡುಕಬೇಕು.

“ಮುಂದೆ ಷಟರನ್ನೇ ಇಡಲ್ಲ ದೊಡ್ಡಪ್ಪ” ಎಂದ. ನಿಕಾನ್ ಝಡ್9ರಲ್ಲಿ 2021ರಲ್ಲೇ ಯಾಂತ್ರಿಕ ಷಟರನ್ನು ಕಿತ್ತು ಹಾಕಿದ್ದಾರೆ. ಓಡುವ, ಸವೆಯುವ ಪರದೆಯಿಲ್ಲದ ಮೇಲೆ ಆಕಾರಕ್ಕೂ ಹಳೆಯ ಹಂಗಿಲ್ಲ. ಕ್ಯಾಮೆರಾದ ತಲೆಯ ಮೇಲಿನ ಗೂನು ಒಂದು ಕಾಲದಲ್ಲಿ ಬಿಂಬವನ್ನು ನೆಟ್ಟಗೆ ತೋರಿಸುವ ಗಾಜಿನ ಪ್ರಿಸಮ್ಮಿನ ಮನೆ. ಕನ್ನಡಿ ಹೋಗಿ, 2008ರಲ್ಲಿ ಮೊದಲ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ ಪ್ಯಾನಸೋನಿಕ್ ಜಿ1 ಬಂದಾಗಲೂ ಗೂನು ಉಳಿಯಿತು. ಈಗ ಅಲ್ಲಿರುವುದು ಕಣ್ಣಿಟ್ಟು ನೋಡುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಪರದೆ. ನಾಳೆಯ ಕ್ಯಾಮೆರಾದ ಆಕಾರ ನಿರ್ಧರಿಸುವುದು ಬಿಸಿ ಹೊರಹಾಕುವ ದಾರಿ, ಬ್ಯಾಟರಿ ಮತ್ತು ಕಾರ್ಡು ಅಂತ ಅವನ ವಾದ. ಸರಿಯೇ ಇರಬೇಕು. ಹಾಗಾದರೆ ಕಿವಿಗೊಟ್ಟು ನಾಡಿ ನೋಡುವವನಿಗೆ ಅದರೊಳಗೆ ಕೆಲಸವೇನು ಎಂದು ನಾನು ಕೇಳಲಿಲ್ಲ.

ಅವನ ಇನ್ನೊಂದು ಮಾತು ಮಾತ್ರ ಇನ್ನೂ ಚುಚ್ಚುತ್ತದೆ. ಗುಂಡಿ ಒತ್ತುವುದಕ್ಕೆ ಮುಂಚಿನ ಒಂದು ಸೆಕೆಂಡಿನ ಪಟಗಳನ್ನೂ ಈ ಕ್ಯಾಮೆರಾ ಹಿಡಿದಿಟ್ಟಿರುತ್ತದಂತೆ. ಮಿಂಚುಳ್ಳಿ ಹಾರಿಹೋದ ಮೇಲೆ ಒತ್ತಿದರೂ ಅದು ಕೊಂಬೆ ಬಿಟ್ಟ ಗಳಿಗೆ ಸಿಗುತ್ತದೆ. ಹಕ್ಕಿಗಾಗಿ ಕಾದು ಕೂತವರಿಗೆ ದೊಡ್ಡ ವರವೇ. ಚಿಕ್ಕಪ್ಪನ ವಿದ್ಯೆ ಇದ್ದದ್ದು ಆ ಒಂದು ಸೆಕೆಂಡಿನಲ್ಲಿ. ಅಕ್ಷತೆ ಬೀಳುವ ಮುನ್ನ ಅವನ ಉಸಿರು ನಿಲ್ಲುತ್ತಿತ್ತು, ಬೆರಳು ಮಾತ್ರ ಜೀವಂತ.

ಸ್ಪೀಕರಿನ ಸುಳ್ಳು ಸದ್ದಿನ ಬಗ್ಗೆ ನಾನೇನೋ ಟೀಕೆ ಮಾಡಲು ಹೊರಟವನು ತಡೆದುಕೊಂಡೆ. ಚಿಕ್ಕಪ್ಪನ ಹೆಗಲಲ್ಲಿ ಮದುವೆಗಳಲ್ಲಿ ಇನ್ನೊಂದು ಕ್ಯಾಮೆರಾ ತೂಗುತ್ತಿತ್ತು. ಅದರಲ್ಲಿ ರೋಲು ಇರುತ್ತಿರಲಿಲ್ಲ. “ನಂದೊಂದು ತೆಗಿ” ಎಂದು ಬೆನ್ನು ಬೀಳುವ ಹುಡುಗರಿಗೆ, ಬೀಗರ ಕಡೆಯ ಮೂರನೇ ಸಾಲಿನ ನೆಂಟರಿಗೆ ಅದು. ಟಕಾಕ್. ಎಲ್ಲರಿಗೂ ತೃಪ್ತಿ. ಅವನದು ಪಟವಿಲ್ಲದ ಸದ್ದು, ಮೊಮ್ಮಗನದು ಸದ್ದಿಲ್ಲದ ಪಟ. ಸುಳ್ಳು ಯಾರದು ದೊಡ್ಡದೆಂದು ಯಾವ ನ್ಯಾಯ ಹೇಳಲಿ?

ಮದುವೆ ಮುಗಿದ ಮಾರನೆಯ ದಿನ ಕಪಾಟು ತೆಗೆದೆ. ಬಲ್ಬು ಸುಟ್ಟುಹೋಗಿ ಎಷ್ಟು ವರ್ಷವೋ. ಲೆನ್ಸಿನೊಳಗೆ ಫಂಗಸ್ಸು ರಂಗೋಲಿ ಹಾಕಿತ್ತು. ಒಂದರ ಸನ್ನೆ ಎಳೆದು, ಡಯಲನ್ನು ಒಂದು ಸೆಕೆಂಡಿಗೆ ತಿರುಗಿಸಿ ಒತ್ತಿದೆ. ಟಕ್, ಸರ್ರ್ರ್ರ್... ನಾನು ಒಂದು, ಎರಡು ಎಣಿಸಿದೆ. ಆಮೇಲೆ ಟಕ್.

ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ. ಒದ್ದೆ ಕೈಯಲ್ಲೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದಳು.

“ಅದರಲ್ಲಿ ರೋಲಿದೆಯೇನೋ, ಇಲ್ಲ ಅದು ಆ ಇನ್ನೊಂದೋ?”